ತುಂಡಾಗಬೇಕಿದ್ದ ಪಿನ್ನು

ಮುಂಬಯಿಯ ಗ್ರೌಂಡ್ ಹ್ಯಾಂಡ್ಲಿಂಗ್ ಕಂಪೆನಿಯೊಂದರಲ್ಲಿ ಟೋಯಿಂಗ್ ಸೂಪರ್‌ವೈಸರ್ ಆಗಿ ನಿವೃತ್ತನಾಗಿ ನಾನು ಬ್ರಹ್ಮಾವರಕ್ಕೆ ಬಂದು ನೆಲೆಸಿದ ಮೂರನೆಯ ವರ್ಷ, ಫೆಬ್ರವರಿ ತಿಂಗಳಲ್ಲಿ, ಹತ್ತು ದಿನದ ಮಟ್ಟಿಗೆ ಮತ್ತೆ ಒಂದು ಹುದ್ದೆ ಸಿಕ್ಕಿತು. ಕಿರಿಮಂಜೇಶ್ವರದ ಕಡಲತೀರದಲ್ಲಿ ಪುಟ್ಟ ವಿಮಾನಗಳ ವೇಗದ ಸ್ಪರ್ಧೆ ಏರ್ಪಾಡಾಗಿತ್ತು. ಅದಕ್ಕೆ ನಾನು ಟೋಯಿಂಗ್ ಇನ್‌ಚಾರ್ಜ್. ಟೋಯಿಂಗ್ ಎಂದರೆ ವಿಮಾನವನ್ನು ನೆಲದ ಮೇಲೆ ವಾಹನದಿಂದ ಎಳೆದೊಯ್ಯುವುದು. ಮೂವತ್ತನಾಲ್ಕು ವರ್ಷ ನಾನು ಮಾಡಿದ್ದು ಇದನ್ನೇ. ಊರಿಗೆ ಬಂದಾಗಲೆಲ್ಲ ಜನ ನನ್ನನ್ನು ಪೈಲಟ್ ಎಂದೇ ತಿಳಿದು ಮಾತಾಡಿಸುತ್ತಿದ್ದರು. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಬಿಟ್ಟೆ.

ಸ್ಪರ್ಧೆಯ ವ್ಯವಸ್ಥೆ ಹೀಗಿತ್ತು. ಎಂಟು ವಿಮಾನಗಳು, ಎಲ್ಲವೂ ಇಬ್ಬರು ಕೂರುವಂಥವು, ಒಂದೊಂದೂ ಮುನ್ನೂರು ಕಿಲೋ ತೂಕದ ಆಸುಪಾಸು. ಸಮುದ್ರದಲ್ಲಿ ಲಂಗರು ಹಾಕಿದ ಎರಡು ದೋಣಿಗಳ ಮೇಲೆ ಕೆಂಪು ಬಲೂನಿನ ಕಂಬಗಳು. ಅವನ್ನು ಮೂರು ಸಲ ಸುತ್ತಿ ಬರಬೇಕು, ಕಡಿಮೆ ಸಮಯ ತೆಗೆದುಕೊಂಡವರು ಗೆದ್ದಂತೆ. ಒಂದು ಸಲಕ್ಕೆ ಒಂದೇ ವಿಮಾನ ಹಾರುತ್ತದೆ. ರನ್‌ವೇ ಬೇರೆ ಇರಲಿಲ್ಲ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದಾಗ ಬಯಲಾಗುವ ಒದ್ದೆ ಮರಳೇ ರನ್‌ವೇ. ಅದು ಸಿಮೆಂಟಿನಷ್ಟು ಗಟ್ಟಿ, ಆದರೆ ಸಿಗುವುದು ಎರಡೂವರೆ ಗಂಟೆ ಮಾತ್ರ. ಅಷ್ಟರೊಳಗೆ ಹಾರದವರಿಗೆ ಇನ್ನೊಂದು ಅವಕಾಶವಿಲ್ಲ ಎಂದು ನಿಯಮದಲ್ಲೇ ಬರೆದಿತ್ತು.

ನನ್ನ ತಲೆನೋವು ಇದ್ದದ್ದು ಬೇರೆ ಕಡೆ. ವಿಮಾನಗಳು ರಾತ್ರಿ ತಂಗುತ್ತಿದ್ದುದು ಮೇಲಿನ ಗಾಳಿಮರದ ತೋಪಿನಲ್ಲಿ. ತೋಪಿಗೂ ಗಟ್ಟಿ ಮರಳಿಗೂ ನಡುವೆ ನೂರಿಪ್ಪತ್ತು ಮೀಟರ್ ಒಣ ಮರಳು, ಕಾಲಿಟ್ಟರೆ ಹಿಮ್ಮಡಿ ಮುಳುಗುವಂಥದು. ಅಲ್ಲಿ ವಿಮಾನ ತನ್ನ ಎಂಜಿನ್ನಿನ ಬಲದಿಂದ ಒಂದಡಿಯೂ ಸರಿಯದು. ಮುಂಬಯಿಯಲ್ಲಿ ನನ್ನ ಕೈಕೆಳಗೆ ಐವತ್ತು ಟನ್ನಿನ ಟಗ್ ವಾಹನಗಳಿದ್ದವು. ಇಲ್ಲಿ ಸಿಕ್ಕಿದ್ದು ಮೀನುಗಾರರ ದೋಣಿಗಳನ್ನು ದಡಕ್ಕೆ ಎಳೆಯುವ ಎರಡು ಟ್ರ್ಯಾಕ್ಟರ್. ಅವುಗಳಲ್ಲಿ ಒಂದು ಮಾಬ್ಲನದು. ಹೆಸರು ಮಹಾಬಲ, ಊರಿನ ಬಾಯಲ್ಲಿ ಮಾಬ್ಲ. ಐವತ್ತರ ಹತ್ತಿರದ ಮನುಷ್ಯ. ಮಳೆಗಾಲದಲ್ಲಿ ಗದ್ದೆ ಹೂಡುತ್ತಾನೆ, ಉಳಿದ ತಿಂಗಳು ದೋಣಿ ಎಳೆಯುತ್ತಾನೆ, ಬಾಯಲ್ಲಿ ಎಲೆಯಡಿಕೆ ಇಲ್ಲದ ಹೊತ್ತಿಲ್ಲ. ಮರಳಿನ ಮೇಲೆ ಟ್ರ್ಯಾಕ್ಟರ್ ಓಡಿಸುವುದರಲ್ಲಿ ಅವನ ಸಮ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಟ್ರ್ಯಾಕ್ಟರಿಗೂ ವಿಮಾನಕ್ಕೂ ನಡುವೆ ಜೋಡಿಸುವ ಉದ್ದನೆಯ ಸರಳಿಗೆ ಟೋ ಬಾರ್ ಎನ್ನುತ್ತಾರೆ. ಕುಂದಾಪುರದ ಒಂದು ವೆಲ್ಡಿಂಗ್ ಶಾಪಿನಲ್ಲಿ ನಿಂತು ಎರಡು ಮಾಡಿಸಿದೆ. ಅದರ ಒಂದು ತುದಿ ವಿಮಾನದ ಮೂಗಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಆ ಚಕ್ರವನ್ನು ಹೊತ್ತ ಕೊಳವೆ, ಅಂದರೆ ನೋಸ್ ಲೆಗ್, ಈ ಜಾತಿಯ ವಿಮಾನಗಳಲ್ಲಿ ಬಹಳ ತೆಳು. ಎಳೆತ ಜಾಸ್ತಿಯಾದರೆ ಲೆಗ್ಗಿಗೆ ಪೆಟ್ಟು. ಅದಕ್ಕಾಗಿ ಟೋ ಬಾರಿನಲ್ಲಿ ಬೇಕೆಂದೇ ಒಂದು ದುರ್ಬಲವಾದ ಪಿನ್ನು ಇರುತ್ತದೆ, ಹೆಸರು ಶಿಯರ್ ಪಿನ್. ನಾನು ಹಾಕಿಸಿದ್ದು ಆರು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಿನ್ನು. ಲೆಗ್ಗಿಗೆ ಪೆಟ್ಟಾಗುವ ಮೊದಲೇ ಅದು ತುಂಡಾಗಬೇಕು. ತುಂಡಾಗುವುದೇ ಅದರ ಕೆಲಸ.

ಈ ಮಾತನ್ನು ಓದುಗರಿಗೆ ಈಗ ನಾಲ್ಕು ವಾಕ್ಯದಲ್ಲಿ ಹೇಳಿದೆ. ಆಗ ಚಾಲಕರಿಗೆ ಹೇಳಲಿಲ್ಲ. ಅವರಿಗೆ ಇಪ್ಪತ್ತು ನಿಮಿಷ ಪಾಠ ಮಾಡಿದೆ: ನಡಿಗೆಯ ವೇಗ ಮೀರಬಾರದು, ಜಗ್ಗಬಾರದು, ಪಿನ್ನು ತುಂಡಾದರೆ ಅಲ್ಲೇ ನಿಲ್ಲಿಸಿ ನನ್ನನ್ನು ಕರೆಯಬೇಕು. ಮಾಬ್ಲ ಪಿನ್ನನ್ನು ಎರಡು ಬೆರಳಲ್ಲಿ ಎತ್ತಿ ತಿರುಗಿಸಿ ನೋಡಿದ.

"ಭಾಸ್ಕರಣ್ಣ, ಇಷ್ಟ್ ದಪ್ಪದ್ ಕಬ್ಣಕ್ಕೆ ಈ ಕಡ್ಡಿ ಎಂತಕೆ?"

"ಹೇಳಿದಷ್ಟ್ ಮಾಡ್, ಮಾಬ್ಲ," ಎಂದೆ. ಸೂಪರ್‌ವೈಸರ್ ಗತ್ತು ನಿವೃತ್ತಿಯ ಜೊತೆಗೆ ಹೋಗಿರಲಿಲ್ಲ.

ಮೊದಲ ದಿನದ ತಾಲೀಮಿನಲ್ಲಿ ಪಿನ್ನು ನಾಲ್ಕು ಸಲ ತುಂಡಾಯಿತು. ಸಡಿಲ ಮರಳಿನಲ್ಲಿ ಮೂಗಿನ ಚಕ್ರ ಹೂತುಕೊಳ್ಳುತ್ತದೆ, ಎಳೆತ ಏರುತ್ತದೆ, ಪಿನ್ನು ಹೋಗುತ್ತದೆ. ಪ್ರತಿ ಸಲವೂ ನಾನು ಓಡಿ ಹೋಗಿ, ವಿಮಾನವನ್ನು ಹಿಂದಕ್ಕೆ ತಳ್ಳಿಸಿ, ಲೆಗ್ಗನ್ನು ಪರೀಕ್ಷಿಸಿ, ಹೊಸ ಪಿನ್ನು ಹಾಕುವಷ್ಟರಲ್ಲಿ ಹತ್ತು ನಿಮಿಷ. ಹೊರಗಿನಿಂದ ಬಂದ ತಂಡದವರು ಕುರ್ಚಿ ಹಾಕಿಕೊಂಡು ಕೂತು ನಗುತ್ತಿದ್ದರು. ಮೂವತ್ತನಾಲ್ಕು ವರ್ಷದ ಅನುಭವದವರನ್ನು ಕರೆಸಿದ್ದಾರಂತೆ ಎಂದು ಒಬ್ಬ ಹಿಂದಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು, ಮಾಬ್ಲನಿಗೂ ಕೇಳಿಸಿತು. ಅವನೂ ಹತ್ತು ವರ್ಷ ಮುಂಬಯಿಯ ಹೋಟೆಲಿನಲ್ಲಿದ್ದವನು, ಹಿಂದಿ ಚೆನ್ನಾಗಿ ಬರುತ್ತದೆ. ನನಗೆ ಅವಮಾನವಾಯಿತು. ಸಂಜೆ ಮಾಬ್ಲನೇ ಒಂದು ಉಪಾಯ ಹೇಳಿದ.

"ಮಡ್ಲ್ ಹಾಸುವ, ಭಾಸ್ಕರಣ್ಣ. ದೋಣಿ ಎಳುಕೆ ನಾವ್ ಹಾಂಗೇ ಮಾಡುದ್."

ಮಡಲು ಎಂದರೆ ತೆಂಗಿನ ಗರಿ. ಎರಡು ಪಿಕಪ್ ತುಂಬ ತರಿಸಿ ನೂರಿಪ್ಪತ್ತು ಮೀಟರಿಗೂ ಅಡ್ಡಡ್ಡಲಾಗಿ ಹಾಸಿ ದಾರಿ ಮಾಡಿದೆವು.

ಸ್ಪರ್ಧೆಯ ಬೆಳಿಗ್ಗೆ ಏಳು ವಿಮಾನಗಳು ಆ ದಾರಿಯಲ್ಲಿ ಸಲೀಸಾಗಿ ಇಳಿದವು. ಯಾರೂ ನನ್ನನ್ನು ಕರೆಯಲಿಲ್ಲ. ನಾನು ಕೆಳಗೆ ಗಟ್ಟಿ ಮರಳಿನ ಮೇಲೆ ಕೈಕಟ್ಟಿ ನಿಂತು ಒಳಗೊಳಗೇ ಬೀಗುತ್ತಿದ್ದೆ. ಎಂಟನೆಯದು ಅನಘಾ ಎಂಬ ಮೈಸೂರಿನ ಹೆಣ್ಣುಮಗಳ ಹಳದಿ ವಿಮಾನ. ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ, ರಜೆಯೆಲ್ಲ ಹಾರಾಟಕ್ಕೆ. ಇದು ಅವಳ ಮೊದಲ ಸ್ಪರ್ಧೆ. ತಾಲೀಮಿನಲ್ಲಿ ಎಲ್ಲರಿಗಿಂತ ಕಡಿಮೆ ಸಮಯ ಅವಳದೇ ಆಗಿತ್ತು. ಅದನ್ನು ಎಳೆದು ತರುತ್ತಿದ್ದವನು ಮಾಬ್ಲ.

ಅರ್ಧ ದಾರಿಯಲ್ಲಿ ಗರಿಗಳು ಜಾರಿ ಮೂಗಿನ ಚಕ್ರ ಮರಳಿಗೆ ಇಳಿಯಿತು. ವಿಮಾನ ಮುಗ್ಗರಿಸಿದಂತೆ ತಲೆ ತಗ್ಗಿಸಿತು. ಟ್ರ್ಯಾಕ್ಟರ್ ಒಮ್ಮೆ ಗುರುಗುಟ್ಟಿ ಎಳೆಯಿತು, ಚಕ್ರ ಮೇಲೆ ಬಂತು. ನಾನಿದ್ದದ್ದು ಅರವತ್ತು ಮೀಟರ್ ದೂರ. ಪಿನ್ನು ಉಳಿದುಕೊಂಡಿತಲ್ಲ ಎಂದು ಮೊದಲು ಸಮಾಧಾನವಾಯಿತು. ಎರಡು ಹೆಜ್ಜೆ ಇಟ್ಟವನು ಓಡಲು ಶುರು ಮಾಡಿದೆ. ಅಷ್ಟು ಎಳೆತಕ್ಕೆ ಆ ಪಿನ್ನು ಉಳಿಯುವುದು ಸಾಧ್ಯವಿರಲಿಲ್ಲ.

ಮಾಬ್ಲ ನಿಲ್ಲಿಸದೆ ವಿಮಾನವನ್ನು ಗಟ್ಟಿ ಮರಳಿನ ಆ ತುದಿಯ ಸಾಲಿಗೆ ಎಳೆದೊಯ್ದಿದ್ದ; ನಾನು ಅಲ್ಲಿಗೆ ತಲುಪುವ ಹೊತ್ತಿಗೆ ಟೋ ಬಾರ್ ಕಳಚಿ ಆಗಿತ್ತು. ವಿಮಾನ ಸಾಲಿನಲ್ಲಿ ನಿಂತು ಎಂಜಿನ್ ಶುರುವಾಗಿತ್ತು. ಬಾರನ್ನು ಬಗ್ಗಿ ನೋಡಿದೆ. ಅಲ್ಯೂಮಿನಿಯಂ ಪಿನ್ನಿನ ಜಾಗದಲ್ಲಿ ಟ್ರ್ಯಾಕ್ಟರಿಗೆ ಹಾಕುವ ಕಪ್ಪು ಹೈಟೆನ್ಸಿಲ್ ಬೋಲ್ಟು, ಸುಲಭಕ್ಕೆ ಮುರಿಯದ ಉಕ್ಕಿನದು, ಕೂತಿತ್ತು.

"ಇದೆಂತ, ಮಾಬ್ಲ?"

ಅವನ ಮುಖದಲ್ಲಿ ಅಳುಕೇ ಇರಲಿಲ್ಲ. "ಈ ವಿಮಾನ ತೋಪಿಂದ ಹೊರ್ಗ್ ಎಳುವತಿಗೆ ಪಿನ್ ತುಂಡಾಯ್ತ್. ನಿಮ್ಮನ್ನ್ ಕರದ್ರೆ ಅವ್ರ್ ಮತ್ತೆ ನೆಗಾಡ್ತ್ರ್. ನಮ್ ಭಾಸ್ಕರಣ್ಣನ್ ಮರ್ಯಾದಿ ಹೋಪುಕಾಗ ಅಂದ್ಹೇಳಿ ಗಟ್ಟಿ ಬೋಲ್ಟ್ ಹಾಕ್ದೆ. ಕಾಣಿ, ತುಂಡಾಯ್ಲ!"

ಅನಘಾಳ ಸರದಿಗೆ ನಾಲ್ಕು ನಿಮಿಷವಿತ್ತು. ಲೆಗ್ಗಿಗೆ ಏನಾದರೂ ಆಗಿದ್ದರೆ ಏರುವಾಗ ತಿಳಿಯುವುದಿಲ್ಲ, ಇಳಿಯುವಾಗ ತಿಳಿಯುತ್ತದೆ. ಗಂಟೆಗೆ ಎಪ್ಪತ್ತು ಕಿಲೋಮೀಟರ್ ವೇಗದಲ್ಲಿ ಮೂಗಿನ ಕಾಲು ಮುರಿದರೆ ವಿಮಾನ ಮಗುಚುತ್ತದೆ, ಒಳಗಿದ್ದವರ ಕುತ್ತಿಗೆ ಉಳಿಯುವುದು ಕಷ್ಟ. ಏನೂ ಆಗಿರದಿದ್ದರೆ ನಾನು ಸುಮ್ಮನೆ ಅವಳ ಸ್ಪರ್ಧೆಯನ್ನು ಹಾಳು ಮಾಡಿದಂತೆ. ಬೋಲ್ಟಿನ ವಿಷಯ ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡರೆ ನಡೆಯುತ್ತದೆ ಎಂಬ ಯೋಚನೆ ಬಂದದ್ದು ಹೌದು. ಬಂದಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ನಾನು ವಿಮಾನದ ಮುಂದೆ ಹೋಗಿ ನಿಂತು ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡ ಮಾಡಿ ಹಿಡಿದೆ. ನಿಲ್ಲಿಸು ಎಂಬುದಕ್ಕೆ ಎಲ್ಲ ದೇಶದಲ್ಲೂ ಅದೇ ಸನ್ನೆ. ಪ್ರೊಪೆಲ್ಲರ್ ನಿಂತಿತು. ಅನಘಾ ಇಳಿದು ಬಂದಳು.

ಬಾಲವನ್ನು ಒತ್ತಿ ಹಿಡಿದು ಮೂಗನ್ನು ಎತ್ತಿದೆವು. ಲೆಗ್ಗಿನ ಮೇಲೆ ಬೆರಳಾಡಿಸಿದೆ. ನೆಟ್ಟಗಿತ್ತು, ಬಣ್ಣ ಕೂಡ ಎದ್ದಿರಲಿಲ್ಲ. ಸಂಘಟಕರಲ್ಲೊಬ್ಬರು ಗಡಿಯಾರ ನೋಡಿದರು.

"ಸರ್, ನನಗೇನೂ ಕಾಣ್ತಿಲ್ಲ," ಎಂದಳು ಅನಘಾ. "ನಿಮಗೆ ಕಾಣ್ತಿದೆಯಾ?"

"ಇಲ್ಲಮ್ಮ," ಎಂದೆ. ಕಣ್ಣಿಗೆ ಕಾಣದ ಬಿರುಕನ್ನು ಹಿಡಿಯಲು ಬಣ್ಣದ ದ್ರಾವಣದ ಕಿಟ್ ಬೇಕು, ಅದು ಅಲ್ಲಿರಲಿಲ್ಲ. ಆಗ ನಡೆದದ್ದನ್ನು ಹೇಳಲೇಬೇಕಾಯಿತು. ಮಾಬ್ಲನ ಎದುರಿಗೇ ಪಿನ್ನು ಯಾಕೆ ಇತ್ತು, ಬೋಲ್ಟು ಹಾಕಿದರೆ ಏನಾಗುತ್ತದೆ ಎಂದು ವಿವರಿಸಿದೆ. ಮಾಬ್ಲನ ಮುಖದ ಬಣ್ಣ ಇಳಿಯಿತು. ಅವನು ಅವಳನ್ನೂ ಲೆಗ್ಗನ್ನೂ ನೋಡಿದ. ಟ್ರ್ಯಾಕ್ಟರಿನ ಕಡೆ ಓಡಿದ. ಹೆದರಿ ಹೋದ ಎಂದುಕೊಂಡೆ.

ಬಂದದ್ದು ಡೀಸೆಲ್‌ನಲ್ಲಿ ಅದ್ದಿದ ಬಟ್ಟೆ ಹಿಡಿದುಕೊಂಡು. ಲೆಗ್ಗಿನ ಮೇಲಿಂದ ಕೆಳಗಿನವರೆಗೆ ಡೀಸೆಲ್ ಸವರಿದ. ಸ್ವಲ್ಪ ಹೊತ್ತು ಬಿಟ್ಟು ಲುಂಗಿಯ ಅಂಚಿನಿಂದ ಒಣಗುವಂತೆ ಒರೆಸಿದ. ಸೊಂಟದಿಂದ ಎಲೆಯಡಿಕೆಯ ಸುಣ್ಣದ ಡಬ್ಬಿ ತೆಗೆದು, ನೀರು ಬೆರೆಸಿ, ಬೆರಳಿನಿಂದ ತೆಳ್ಳಗೆ ಬಳಿದ. "ಟ್ರ್ಯಾಕ್ಟ್ರಿನ್ ಆಕ್ಸಲ್ ಬಿರ್ಕ್ ಬಿಟ್ಟಿತಾ ಅಂದೇಳಿ ನಾವ್ ಕಾಂಬುದ್ ಹೀಂಗೇ," ಎಂದ. ಬಿರುಕಿದ್ದರೆ ಒಳಗಿಳಿದ ಡೀಸೆಲ್ ಸುಣ್ಣಕ್ಕೆ ಊರಿ ಬರುತ್ತದೆ. ಕಿಟ್ ಮಾಡುವುದೂ ಇದನ್ನೇ. ನನಗದು ಹೊಳೆದಿರಲಿಲ್ಲ.

ಬಿಸಿಲಿಗೂ ಕಡಲ ಗಾಳಿಗೂ ಸುಣ್ಣ ಬೇಗ ಒಣಗಿ ಬೆಳ್ಳಗಾಯಿತು. ಅನಘಾ ಮೊಣಕಾಲೂರಿ ನೋಡುತ್ತಿದ್ದಳು. ಅವಳ ಹೆಸರನ್ನು ಮೈಕಿನಲ್ಲಿ ಎರಡನೆಯ ಸಲ ಕೂಗಿದರು. ಆ ಹೊತ್ತಿಗೆ ಲೆಗ್ಗಿನ ಹಿಂಬದಿಯಲ್ಲಿ, ವೆಲ್ಡಿಂಗ್ ಕೆಳಗೆ, ಬಿಳಿಯ ಮೇಲೆ ಕಂದು ಗೆರೆಯೊಂದು ನಿಧಾನವಾಗಿ ಮೂಡಿತು. ಒಂದೂವರೆ ಅಂಗುಲ ಉದ್ದ, ಕೂದಲಿನಷ್ಟು ಸಣ್ಣ. ಅನಘಾ ಅದನ್ನು ಮುಟ್ಟಲಿಲ್ಲ. ಹೆಲ್ಮೆಟ್ ತೆಗೆದು ಮರಳಿನ ಮೇಲೆ ಇಟ್ಟು ಅಲ್ಲೇ ಕೂತಳು.

ಮಾಬ್ಲ ನನ್ನ ಕಡೆ ತಿರುಗಿದ. "ರೋಟಾವೇಟ್ರಿನ್ ಬೋಲ್ಟ್ ಹಾಂಗೆ ಇದ್, ಅಲ್ದಾ? ಕಲ್ಲ್ ಸಿಕ್ರೆ ಬೋಲ್ಟ್ ಹೋಯ್ಕ್, ಗೇರ್‌ಬಾಕ್ಸ್ ಉಳಿಕ್. ಅಷ್ಟ್ ಹೇಳಿದ್ರೆ ಸಾಕಿತ್ತಲೆ, ಭಾಸ್ಕರಣ್ಣ."

ರೋಟಾವೇಟರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಗದ್ದೆಯ ಮಣ್ಣು ಪುಡಿ ಮಾಡುವ ಯಂತ್ರ; ಕಲ್ಲು ತಾಗಿದರೆ ಮೊದಲು ಮುರಿಯಲೆಂದೇ ಅದಕ್ಕೂ ಒಂದು ಬೋಲ್ಟಿರುತ್ತದೆ. ಇಪ್ಪತ್ತು ವರ್ಷದಿಂದ ಅವನು ಶಿಯರ್ ಪಿನ್ನಿನ ಜೊತೆಯಲ್ಲೇ ಬದುಕಿದವನು. ನನ್ನಿಂದ ಬೇಕಾಗಿದ್ದದ್ದು ಒಂದು ವಾಕ್ಯ.

ನೀರು ಏರಿತು, ಸ್ಪರ್ಧೆ ಮುಗಿಯಿತು, ಬೇರೆಯವರು ಗೆದ್ದರು. ಮೂಗನ್ನು ಟ್ರೇಲರಿನ ಮೇಲೆ ಎತ್ತಿ ಕಟ್ಟಿ ಹಳದಿ ವಿಮಾನವನ್ನು ತೋಪಿಗೆ ಸಾಗಿಸಿದ್ದು ಮಾಬ್ಲನೇ. ಅವನು ಒಲ್ಲೆ ಎಂದಿದ್ದ, ಅನಘಾ ಬಿಡಲಿಲ್ಲ. ದಾರಿಯುದ್ದಕ್ಕೂ ರೆಕ್ಕೆ ಹಿಡಿದುಕೊಂಡು ಪಕ್ಕದಲ್ಲೇ ನಡೆದಳು.

ಸಂಜೆ ಸಂಘಟಕರು ವರದಿಯ ಫಾರಂ ತಂದರು. ಕಾರಣ ಎಂಬ ಕಾಲಂ ಬಂದಾಗ ನನ್ನ ಕೈ ಅಭ್ಯಾಸಬಲದಿಂದ 'ಚಾಲಕನ' ಎಂದು ಬರೆಯಿತು. ಮುಂದಿನ ಪದ 'ನಿರ್ಲಕ್ಷ್ಯ'. ಮುಂಬಯಿಯಲ್ಲಿ ಈ ಎರಡು ಪದಗಳನ್ನು ಯೋಚನೆಯೇ ಇಲ್ಲದೆ ಬರೆಯುತ್ತಿದ್ದೆ. ಬರೆದದ್ದನ್ನು ಹೊಡೆದು ಹಾಕಿ, 'ಪಿನ್ನಿನ ಉದ್ದೇಶವನ್ನು ಇನ್‌ಚಾರ್ಜ್ ಚಾಲಕನಿಗೆ ತಿಳಿಸಿರಲಿಲ್ಲ' ಎಂದು ಬರೆದು ಸಹಿ ಹಾಕಿದೆ.

ನಿಯಮ ಹೇಳುವವನು ಅದರ ಕಾರಣವನ್ನೂ ಹೇಳಬೇಕು, ಇಲ್ಲವಾದರೆ ಒಳ್ಳೆಯ ಕೆಲಸಗಾರನೇ ಅದನ್ನು ಮೊದಲು ಮುರಿಯುತ್ತಾನೆ. ಇದು ನನ್ನ ವೃತ್ತಿ ನನಗೆ ಕಲಿಸಿದ ಪಾಠ, ಕಲಿಸಿದ್ದು ನಿವೃತ್ತಿಯಾದ ಮೇಲೆ. ಅದಕ್ಕೂ ಮೊದಲು ನನ್ನ ಸಹಿಯ ವರದಿಗಳಿಂದ ಏಳು ಮಂದಿ ಚಾಲಕರು ಶಿಕ್ಷೆ ಅನುಭವಿಸಿದ್ದಾರೆ, ಒಬ್ಬನ ಕೆಲಸವೇ ಹೋಯಿತು. ಅವನು ರತ್ನಾಗಿರಿಯ ಕಡೆಯವನು, ಹೆಸರು ವಿಠ್ಠಲ. ಆ ದಿನ ವಿಮಾನ ಎಳೆಯುವ ಮೊದಲು ಅವನು ನನ್ನ ಹತ್ತಿರ ಬಂದು ಏನೋ ಕೇಳಿದ್ದ. ಏನು ಕೇಳಿದ್ದ ಎಂಬುದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ನಾನು ಏನು ಹೇಳಿ ಕಳಿಸಿದ್ದೆ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ: ಹೇಳಿದಷ್ಟು ಮಾಡು.