ಎಡಚನ ರಂದಾ

ನಮ್ಮ ಓಣಿಯ ಬಡಿಗ ಮುಧೋಳದ ಗುಜರಿಯಿಂದ ಹಳೆಯ ರಂದಾಗಳನ್ನು ತಂದು, ತುಕ್ಕು ತೆಗೆದು, ಮತ್ತೆ ಕಟ್ಟಿಗೆ ಕೀಸುವಂತೆ ಮಾಡುತ್ತಿದ್ದ. ಯಾರದೆಂದು ಕೇಳಿದರೆ ಸವೆದ ಜಾಗಕ್ಕೆ ಬೆರಳಿಟ್ಟು, "ತಡೀರಿ, ಕೈ ಹೇಳತೈತಿ" ಎನ್ನುತ್ತಿದ್ದ.

ನನ್ನ ಗಂಡನೂ ಬಡಿಗನೇ. ಅವನು ಸತ್ತ ವರ್ಷ ಅವನ ರಂದಾ ಕಳುವಾಯಿತು. ಎಲ್ಲೆಲ್ಲೋ ಹುಡುಕಿ ಬಿಟ್ಟಿದ್ದೆ.

ಒಂದು ಮುಂಜಾನೆ ಓಣಿಯ ಬಡಿಗ ಒಂದು ರಂದಾ ಹಿಡಿದು ಬಂದ. "ಯಕ್ಕಾ, ಇದು ನಿಮ್ಮನಿಯವರದು."

"ಸುಳ್ಳ ಹೇಳಬ್ಯಾಡೋ. ಎಲ್ಲಾ ಒಂದ ಥರಾ ಇರತಾವ."

"ಹೆಬ್ಬಟ್ಟಿನ ತಗ್ಗು ಬಲಕ್ಕೈತಿ ನೋಡ್ರಿ. ಹಿಡದಾಂವ ಎಡಚ. ಈ ಊರಾಗ ಎಡಚ ಬಡಿಗ ಮತ್ಯಾರಿದ್ರು?"

"ಆ ತಗ್ಗು ನೋಡಾಕ ಆಗೂದಿಲ್ಲೋ, ತುಂಬಿ ಹೊಸಾದ ಮಾಡು" ಎಂದೆ. ಕೇಳಲಿಲ್ಲ, ಅಲಗು ಮಾತ್ರ ಮಸೆದ. ತಾನು ಬಲಗೈಯವನಾದರೂ ಎಡಗೈಯಲ್ಲಿ ಹಿಡಿದು ಹಲಗೆಯ ಮೇಲೆ ಓಡಿಸಿದ. ತೆಳ್ಳನೆಯ ಸಿಪ್ಪೆ ಸುರುಳಿಯಾಗಿ ಬಂತು.

ಅದೇ ಸಿಪ್ಪೆಯಿಂದ ಒಲೆ ಹಚ್ಚಿ ಅವನಿಗೆ ಚಹಾ ಕೊಟ್ಟೆ. ಗಂಡ ಇದ್ದಾಗಲೂ ನನ್ನ ಒಲೆ ಹಾಗೆಯೇ ಹೊತ್ತುತ್ತಿತ್ತು.