ಕೊರಗಣ್ಣ ವಾಪಸ್ ಒಯ್ದ ಮೂರು ಬಾಟಲಿ

ಸಾಂತಾಕ್ರೂಜ್ ಸ್ಟೇಷನ್ನಿಗೆ ಹತ್ತಿರದ ‘ಸುವರ್ಣ ಜ್ಯೋತಿ’ ಹೋಟೆಲಿನಲ್ಲಿ ಯಾರಾದರೂ ಮೆನು ಕಾರ್ಡ್ ಕೇಳಿದರೆ ಅವರು ಹೊಸಬರೆಂದು ತಿಳಿಯಬೇಕು. ಹಳಬರು ಕಾರ್ಡ್ ಕೇಳುವುದಿಲ್ಲ, ಕೊರಗ ಪೂಜಾರಿಯ ಮುಖ ನೋಡುತ್ತಾರೆ. ಕೊರಗ ಟೇಬಲ್ಲಿನ ಮೂಲೆಗೆ ಎರಡು ಬೆರಳು ಊರಿ, ಇಡ್ಲಿಯಿಂದ ಶುರು ಮಾಡಿ ಹಯಗ್ರೀವದವರೆಗೆ ಮೂವತ್ತೆಂಟು ತಿಂಡಿಗಳನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾನೆ. ಹನ್ನೆರಡು ಜನರ ಆರ್ಡರನ್ನು ತಲೆಯಲ್ಲಿಟ್ಟುಕೊಂಡು ಒಳಗೆ ಹೋದರೆ, ಯಾರ ದೋಸೆಗೆ ಈರುಳ್ಳಿ ಬೇಡ, ಯಾರ ಕಾಫಿಗೆ ಸಕ್ಕರೆ ಕಮ್ಮಿ ಎನ್ನುವುದೂ ತಪ್ಪುವುದಿಲ್ಲ. ಮೂವತ್ತೊಂದು ವರ್ಷದಿಂದ ಹೀಗೇ ನಡೆದಿದೆ. ಇದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇದೆ. ಇರಲಿ ಬಿಡಿ, ಇಷ್ಟು ಮಾಡಿದವನಿಗೆ ಅಷ್ಟೂ ಇರಬಾರದೇ?

ಅವನದು ಇನ್ನೊಂದು ಪದ್ಧತಿಯಿತ್ತು. ಸಂಶಯ ಬಂದ ಪದಾರ್ಥವನ್ನು ಗಿರಾಕಿಯ ಮುಂದೆ ಇಡುವವನಲ್ಲ. ಚಟ್ನಿಯ ವಾಸನೆ ಒಂದಿಷ್ಟು ಬದಲಾಗಿದೆ ಅನ್ನಿಸಿದರೆ ಸಾಕು, ಒಂದು ಮಾತೂ ಆಡದೆ ಬಟ್ಟಲು ಎತ್ತಿಕೊಂಡು ಹೋಗಿ ಬೇರೆ ತಂದಿಡುತ್ತಿದ್ದ. ಗಿರಾಕಿ ಯಾಕೆಂದು ಕೇಳಿದರೆ ‘ಬಿಸಿ ತರ್ತೇನೆ’ ಅನ್ನುತ್ತಿದ್ದ. ಉಡುಪಿ ಹೋಟೆಲುಗಳ ಹಳೆಯ ಮಾಣಿಗಳಿಗೆಲ್ಲ ಈ ಕಲೆ ಗೊತ್ತು. ಹಾಳಾಗಿದೆ ಎಂದು ಹೇಳಿದರೆ ಹೋಟೆಲಿನ ಮಾನ ಹೋಯಿತು, ಹೇಳದೆ ಬಡಿಸಿದರೆ ತನ್ನ ಮಾನ ಹೋಯಿತು ಎಂಬ ಲೆಕ್ಕ ಅವರದು.

ಹೀಗೆ ಸುಖವಾಗಿದ್ದ ಕೊರಗನಿಗೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಪರೀಕ್ಷೆ ಬರೆಯುವ ಯೋಗ ಬಂತು. ಧನಿ ಚೆನ್ನಯ ಸುವರ್ಣರಿಗೆ ಮೊಣಕಾಲು ನೋವು ಶುರುವಾಗಿ, ಗಲ್ಲಾದ ಕುರ್ಚಿ ಮಗಳು ಯಕ್ಷಿತಾಳಿಗೆ ಸಿಕ್ಕಿತ್ತು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗಿ. ಇಟಲಿಯ ಪಿಯೆಮೊಂಟೆ ಎಂಬ ಸೀಮೆಯಲ್ಲಿ ಒಂದು ವರ್ಷ ಕೆಲಸ ಮಾಡಿ ಬಂದವಳು. ಕೆಳಗಿನ ಇಡ್ಲಿ-ದೋಸೆಗೆ ಕೈ ಹಚ್ಚಲಿಲ್ಲ. ಮೇಲಿನ ಎಸಿ ಹಾಲನ್ನು ಮಾತ್ರ ಕೆಡವಿ, ಇಟಾಲಿಯನ್ ಊಟ, ಇಟಾಲಿಯನ್ ವೈನ್ ಎಂದು ಬೋರ್ಡು ಹಾಕಿಸಿದಳು. ಆ ಬೋರ್ಡಿನ ಹೆಸರನ್ನು ಕೆಳಗಿನ ಅಡುಗೆಮನೆಯಲ್ಲಿ ಯಾರಿಗೂ ಇವತ್ತಿನವರೆಗೆ ಸರಿಯಾಗಿ ಹೇಳಲು ಬಂದಿಲ್ಲ.

ಕೊರಗ ಮೂವತ್ತೊಂದು ವರ್ಷವೂ ನಿಂತದ್ದು ಆ ಮೇಲಿನ ಹಾಲಿನಲ್ಲೇ. ಯಕ್ಷಿತಾ ಅವನನ್ನು ಕೂರಿಸಿಕೊಂಡು ನಿಷ್ಠುರವಾಗಿಯೇ ಹೇಳಿದಳು. ಆರು ವಾರ ಸಮಯ. ಪಟ್ಟಿಯಲ್ಲಿ ಇಪ್ಪತ್ತೆರಡು ವೈನ್ ಇವೆ. ಅವುಗಳ ಊರು, ದ್ರಾಕ್ಷಿ, ದರ್ಜೆ, ಬಡಿಸುವ ಕ್ರಮ ಎಲ್ಲ ಕಲಿತು, ಹೊಸ ಹಾಲ್ ಶುರುವಾಗುವ ಮುಂಚಿನ ಭಾನುವಾರ ತನ್ನ ಮುಂದೆ ಬಡಿಸಿ ತೋರಿಸಬೇಕು. ಆಗದಿದ್ದರೆ ಸಂಬಳ ಅಷ್ಟೇ ಇರುತ್ತದೆ, ಆದರೆ ಕೆಲಸ ಸ್ಟೋರಿನಲ್ಲಿ. ಕೆಳಗೆ ಜಾಗವಿಲ್ಲವೇ ಎಂದರೆ, ಕೆಳಗೆ ಈಗಾಗಲೇ ಒಂಬತ್ತು ಜನ ಇದ್ದಾರೆ.

ಸ್ಟೋರ್ ಎಂದರೆ ಈರುಳ್ಳಿ ಮೂಟೆ, ಎಣ್ಣೆ ಡಬ್ಬ, ಒಂದು ಟ್ಯೂಬ್‌ಲೈಟು. ಮಾತಾಡಲು ಮನುಷ್ಯರಿಲ್ಲ. ಗಿರಾಕಿಯ ಮುಖ ನೋಡದ ದಿನ ಕೊರಗನಿಗೆ ಊಟವೇ ಸೇರುವುದಿಲ್ಲ. ವರ್ಷಕ್ಕೊಮ್ಮೆ ಊರಿಗೆ ಹೋದಾಗಲೂ ನಾಲ್ಕನೆಯ ದಿನಕ್ಕೆ ಮನೆಗೆ ಬಂದವರಿಗೆಲ್ಲ ‘ಮತ್ತೆ ಎಂತ ಬೇಕು?’ ಎಂದು ಕೇಳಲು ಶುರು ಮಾಡುತ್ತಾನೆ. ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ಓದು ಶುರುವಾಯಿತು. ಸಯನಿನ ಮನೆಯಿಂದ ದಾದರ್‌ಗೆ, ದಾದರ್‌ನಲ್ಲಿ ಗಾಡಿ ಬದಲಿಸಿ ಸಾಂತಾಕ್ರೂಜ್‌ಗೆ, ಲೋಕಲ್‌ನ ಕಂಬಿ ಹಿಡಿದು ನಿಂತು ಅವನು ಬರೋಲೊ, ಬರ್ಬರೆಸ್ಕೊ, ಕಿಯಾಂತಿ, ಸೊಆವೆ ಎಂದು ಗುನುಗುತ್ತಿದ್ದ. ಪಕ್ಕದಲ್ಲಿದ್ದವರು ಯಾವುದೋ ಸ್ತೋತ್ರವೆಂದುಕೊಂಡು ಭಕ್ತಿಯಿಂದ ಜಾಗ ಬಿಡುತ್ತಿದ್ದರು. ಹೆಸರುಗಳು ಎರಡೇ ವಾರದಲ್ಲಿ ಬಾಯಿಗೆ ಬಂದವು. ಮೂವತ್ತೆಂಟು ತಿಂಡಿ ಹೇಳುವ ನಾಲಿಗೆಗೆ ಇಪ್ಪತ್ತೆರಡು ವೈನ್ ಯಾವ ಲೆಕ್ಕ. ತಲೆಗೆ ಹತ್ತದೆ ಹೋದದ್ದು ಕಾನೂನು.

ಇಟಲಿಯ ಸರಕಾರ ವೈನಿಗೆ ನಾಲ್ಕು ಮೆಟ್ಟಿಲು ಮಾಡಿಟ್ಟಿದೆ. ಕೆಳಗೆ ಬರಿಯ ವೈನ್, ಅದರ ಮೇಲೆ ಐಜಿಟಿ, ಅದರ ಮೇಲೆ ಡಿಒಸಿ, ಎಲ್ಲಕ್ಕಿಂತ ಮೇಲೆ ಡಿಒಸಿಜಿ. ತುದಿ ಮೆಟ್ಟಿಲಿನ ಬಾಟಲಿಯ ಕುತ್ತಿಗೆಗೆ ಸರಕಾರದ ನಂಬರಿನ ಪಟ್ಟಿ ಅಂಟಿರುತ್ತದೆ. ಬರೋಲೊ ಎನ್ನಬೇಕಾದರೆ ನೆಬ್ಬಿಯೋಲೊ ಎಂಬ ಒಂದೇ ದ್ರಾಕ್ಷಿಯದಾಗಿರಬೇಕು, ಗೊತ್ತಾದ ಹನ್ನೊಂದು ಊರುಗಳ ಗುಡ್ಡದಲ್ಲೇ ಬೆಳೆದಿರಬೇಕು, ಮೂರು ವರ್ಷಕ್ಕೂ ಮಿಕ್ಕಿ ಇಟ್ಟು ಹಣ್ಣಾಗಿಸಿರಬೇಕು. ಅದೇ ದ್ರಾಕ್ಷಿಯನ್ನು ಆ ಊರುಗಳಾಚೆ ಬೆಳೆದರೆ ಆ ಹೆಸರು ಹಾಕುವಂತಿಲ್ಲ. ದ್ರಾಕ್ಷಿ ಒಂದೇ ಆದ ಮೇಲೆ ಹೆಸರಿಗೇನು ರೋಗ ಎಂದು ಕೊರಗ ತಲೆ ಕೆಡಿಸಿಕೊಂಡ.

ಬಿಡಿಸಿ ಹೇಳಿದವಳು ಹೆಂಡತಿ ಪ್ರಫುಲ್ಲಾ. ಕಟಪಾಡಿಯ ಹೆಣ್ಣು, ಸಯನಿನ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡುವ ಮುಂಚೆ ನೋಟುಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಗುಂಡಿ ಹಚ್ಚುತ್ತಾ ಪ್ರಶ್ನೆ ಕೇಳುವುದು ಅವಳ ಪಾಲಿಗೆ ಬಂದಿತ್ತು. ಕೇಳಿ ಕೇಳಿ ಅವಳಿಗೇ ಗಂಡನಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು.

“ನಮ್ಮೂರ ಪಕ್ಕದ ಮಟ್ಟುಗುಳ್ಳದ ಬೀಜ ತಂದು ಈ ಸಯನಿನ ಕುಂಡದಲ್ಲಿ ಹಾಕಿದ್ರೆ ಬದನೆಕಾಯಿ ಆದೀತು. ಗುಳ್ಳ ಆದೀತಾ?” ಎಂದಳು ಅವಳು. “ಅದಕ್ಕೆ ಮಟ್ಟುವಿನ ಮಣ್ಣೇ ಬೇಕು ಮಾರಾಯ್ರೇ. ಅವರದ್ದೂ ಹಾಗೇ ಅಂತ ಕಾಣ್ತದೆ.”

ಅಷ್ಟೇ ಸಾಕಾಯಿತು. ಆ ದಿನದಿಂದ ಕೊರಗನಿಗೆ ಇಟಲಿಯೆಂಬುದು ಕಟಪಾಡಿಯ ಪಕ್ಕದ ಊರಾಗಿಬಿಟ್ಟಿತು. ಬರೋಲೊ ಗುಳ್ಳವಾಯಿತು, ಬರಿಯ ವೈನ್ ಸಾಂಬಾರಿನ ಬದನೆಯಾಯಿತು. ಎಲ್ಲಕ್ಕಿಂತ ಅವನಿಗೆ ಹಿಡಿಸಿದ್ದು ಟಸ್ಕನಿಯ ಕೆಲವರ ಕಥೆ. ಅವರು ಫ್ರಾನ್ಸಿನ ದ್ರಾಕ್ಷಿ ನೆಟ್ಟು ಪೊಗದಸ್ತಾದ ವೈನ್ ಮಾಡಿದರಂತೆ. ದ್ರಾಕ್ಷಿ ನಿಯಮದ ಪ್ರಕಾರ ಇಲ್ಲವೆಂದು ಅದಕ್ಕೆ ಮೇಲಿನ ದರ್ಜೆ ಸಿಗಲಿಲ್ಲವಂತೆ. ಕೆಳಗಿನ ಮೆಟ್ಟಿಲಲ್ಲಿ ಕೂತೇ ಅದು ಮೇಲಿನವುಗಳಿಗಿಂತ ದುಬಾರಿಯಾಯಿತಂತೆ. ಗುಣ ಉಂಟು, ಸರ್ಟಿಫಿಕೇಟ್ ಇಲ್ಲ, ನನ್ನ ಹಾಗೇ ಎಂದು ಹೇಳಿಕೊಂಡು ಅವನು ಎರಡು ದಿನ ಬೀಗಿದ.

ರುಚಿಯ ಪಾಠದಲ್ಲಿ ಅವನಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ಅವನ ಅಪ್ಪ ಕಳ್ಳು ಇಳಿಸುತ್ತಿದ್ದವರು. ಒಂದು ಗುಟುಕಿನಲ್ಲೇ ಇದು ಯಾವ ಮರದ್ದು, ಬೆಳಗಿನದೋ ಸಂಜೆಯದೋ ಎಂದು ಹೇಳುತ್ತಿದ್ದರು. ಎರಡು ಮರದ ಕಳ್ಳನ್ನು ಸತ್ತರೂ ಬೆರೆಸುತ್ತಿರಲಿಲ್ಲ. ಯಕ್ಷಿತಾ ಬರೋಲೊದ ಒಂದು ಗುಟುಕು ಕೊಟ್ಟು, ಬಾಯಿಯೊಳಗೆ ಹಿಡಿದಂತಾಗುವುದಕ್ಕೆ ಟ್ಯಾನಿನ್ ಅನ್ನುತ್ತಾರೆ ಎಂದು ಇಂಗ್ಲಿಷಿನಲ್ಲಿ ಐದು ನಿಮಿಷ ವಿವರಿಸಿದಳು. ಕೊರಗ ಗೇರುಹಣ್ಣಿನ ಹಾಗೆ ಒಗರು ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಅವಳು ಆ ಪದ ಬರೆದುಕೊಂಡಳು.

ಭಾನುವಾರ ಬಂತು. ಮೇಲಿನ ಹಾಲಿನ ಒಂದನೇ ಟೇಬಲ್ಲಿನಲ್ಲಿ ಗಿರಾಕಿಗಳಾಗಿ ಕೂತವರು ಯಕ್ಷಿತಾ ಮತ್ತು ಧನಿ ಚೆನ್ನಯರು. ಒಂದು ಗಂಟೆಯ ನಂತರ ಪರಿಚಯದ ನಾಲ್ಕೈದು ಕುಟುಂಬಗಳನ್ನೂ ಊಟಕ್ಕೆ ಕರೆದಿದ್ದರು. ಕೊರಗನಿಗೆ ಹೊಸ ಕಪ್ಪು ಕೋಟು. ತೋಳು ಒಂದಿಂಚು ಉದ್ದವಿದ್ದುದನ್ನು ಪ್ರಫುಲ್ಲಾ ಮಡಚಿ ಹೊಲಿದುಕೊಟ್ಟಿದ್ದಳು. ಅವನು ಎರಡು ಬೆರಳು ಊರಿ ಇಪ್ಪತ್ತೆರಡನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಮೊಂಟೆಪುಲ್ಚಾನೊ ಎಂಬುದು ಅಬ್ರುಟ್ಸೊ ಕಡೆ ದ್ರಾಕ್ಷಿಯ ಹೆಸರು, ಟಸ್ಕನಿಯಲ್ಲಿ ಊರಿನ ಹೆಸರು ಎಂದು ಹೇಳಿ ಕಠಿಣ ಪ್ರಶ್ನೆಯೊಂದನ್ನೂ ದಾಟಿದ. ಧನಿಗಳು ಮಗಳ ಕಡೆ ನೋಡಿ ಮೀಸೆಯಲ್ಲೇ ನಕ್ಕರು.

ಯಕ್ಷಿತಾ ಬಾರ್ಬೆರಾ ದೆಲ್ ಮೊನ್ಫೆರಾತೊ ತರಲು ಹೇಳಿದಳು. ಅದು ಶುಕ್ರವಾರವಷ್ಟೇ ಬಂದ ಮಾಲು, ಬೇರೊಂದು ವೈನ್ ಸಿಗದೆ ಅದರ ಬದಲಿಗೆ ತರಿಸಿದ್ದು. ಕೊರಗ ಅದನ್ನು ಕುಡಿದು ನೋಡಿರಲಿಲ್ಲ. ಆದರೂ ಬಾಟಲಿ ತೋರಿಸಿ, ಪಿಯೆಮೊಂಟೆಯದು, ಡಿಒಸಿ, ನೂರಕ್ಕೆ ಕನಿಷ್ಠ ಎಂಬತ್ತೈದು ಪಾಲು ಬಾರ್ಬೆರಾ ದ್ರಾಕ್ಷಿ ಎಂದು ಸ್ಪಷ್ಟವಾಗಿ ಹೇಳಿ, ಬಿರಡೆ ತೆಗೆದು, ಧನಿಗಳ ಗ್ಲಾಸಿಗೆ ಎರಡು ಬೆರಳು ಸುರಿದ.

ಗ್ಲಾಸಿನ ಅಂಚಿಗೆ ಗುಲಾಬಿ ಬಣ್ಣದ ನೊರೆ ಎದ್ದಿತು. ಸಣ್ಣಗೆ ಚುರ್ ಎಂಬ ಸದ್ದು.

ಕೊರಗನ ಕೈ ನಿಂತಿತು. ಒಮ್ಮೆ ಹುಳಿಯೆದ್ದು ಶಾಂತವಾದ ಕಳ್ಳಿನಲ್ಲಿ ಮತ್ತೆ ನೊರೆ ಬಂದರೆ ಅದನ್ನು ಮರದ ಬುಡಕ್ಕೆ ಚೆಲ್ಲಬೇಕು ಎಂದು ಅಪ್ಪ ಹೇಳುತ್ತಿದ್ದರು. ಬಾಟಲಿಯೊಳಗೆ ವರ್ಷಗಟ್ಟಲೆ ಸುಮ್ಮನಿದ್ದ ವೈನ್ ಈಗ ನೊರೆ ಬಿಡುತ್ತಿದೆಯೆಂದರೆ ಕೆಟ್ಟಿದೆ ಎಂದೇ ಅರ್ಥ. ಧನಿಗಳು ಗ್ಲಾಸಿಗೆ ಕೈ ಚಾಚುವುದರೊಳಗೆ ಅವನು ಗ್ಲಾಸು, ಬಾಟಲಿ ಎರಡನ್ನೂ ಎತ್ತಿಕೊಂಡು, ಒಂದು ನಿಮಿಷ ಎಂದು ಹೇಳಿ ಹೋಗಿಯೇಬಿಟ್ಟ. ಎರಡನೆಯ ಬಾಟಲಿ ತಂದ. ಅದರಲ್ಲೂ ನೊರೆ. ಅದನ್ನೂ ಒಯ್ದ. ಮೂರನೆಯದೂ ನೊರೆ ಕಾರಿತು. ಆ ಬಾಟಲಿಯನ್ನೂ ಎತ್ತಿಕೊಂಡು ಹೊರಟಾಗ ಯಕ್ಷಿತಾ ಕೈ ಚಾಚಿ ಅದನ್ನು ಹಿಡಿದುಕೊಂಡಳು.

“ಕೊರಗಣ್ಣ, ಏನ್ ಮಾಡ್ತಾ ಇದ್ದೀರಿ?”

“ಮಗಾ, ಮಾಲು ಹೋಗಿದೆ. ಪೆಟ್ಟಿಗೆ ಪೂರಾ ವಾಪಸ್ ಕಳಿಸುವ. ಧನಿಗಳಿಗೆ ಇದನ್ನು ಕೊಡ್ಲಿಕ್ಕೆ ನನ್ನಿಂದಾಗುದಿಲ್ಲ.”

“ಅದು ಹಾಗೇ ಇರೋದು. ರೂಲ್ಸಲ್ಲೇ ಇದೆ.”

ಅವಳು ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ವಿವರಿಸಿದಳು. ಮೊನ್ಫೆರಾತೊದ ಗುಡ್ಡಗಳಲ್ಲಿ ರೈತರಿಗೆ ಹಿಂದಿನಿಂದಲೂ ಇಂಥ ಜುಮುಜುಮು ವೈನೇ ಇಷ್ಟ, ಅದಕ್ಕೆ ಕಾನೂನೂ ಒಪ್ಪಿಗೆ ಕೊಟ್ಟಿದೆ. ಇದನ್ನು ಹೇಳಿಕೊಡಲು ಮರೆತದ್ದು ತನ್ನ ತಪ್ಪು. ಆದರೆ ವೈನ್ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಗಿರಾಕಿಯ ಹಕ್ಕು. ಬಾಯಿಗಿಡುವ ಮುಂಚೆ ಕಿತ್ತುಕೊಂಡು ಹೋಗುವುದೆಂದರೇನು? ಅದೂ ಮೂರು ಸಲ?

ಮೂವತ್ತೊಂದು ವರ್ಷದಲ್ಲಿ ಒಂದು ಒಳ್ಳೆಯ ಪದಾರ್ಥವನ್ನು ಕೊರಗ ಹಾಳೆಂದು ಎತ್ತಿದ್ದು ಇದೇ ಮೊದಲು. ಅಳು ಬಂದಂತಾಯಿತು. ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚಿ, ಕೋಟನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡು, ಸ್ಟೋರಿನ ಚಾವಿ ಕೊಡು ಮಗಾ ಎಂದ. ಚಾವಿಯ ಗೊಂಚಲು ಅವಳ ಮುಂದೆ ಟೇಬಲ್ಲಿನ ಮೇಲೇ ಇತ್ತು. ಯಕ್ಷಿತಾ ಅದನ್ನು ಕೈಗೆತ್ತಿಕೊಂಡಳು, ಆದರೆ ಕೊಡಲೂ ಇಲ್ಲ, ಕೆಳಗಿಡಲೂ ಇಲ್ಲ.

ಅಷ್ಟರಲ್ಲಿ ಚೆನ್ನಯರು ಮೂರನೆಯ ಗ್ಲಾಸನ್ನು ಅವನ ಕಡೆ ತಳ್ಳಿದರು. “ಮೊದಲು ಕುಡಿದು ನೋಡು ಮಾರಾಯ. ಹೋಗುದಾದ್ರೆ ಮತ್ತೆ ಹೋಗು.”

ಕೊರಗ ಕುಡಿದ. ಮೊದಲು ಹುಳಿ, ಹಿಂದೆಯೇ ಹಣ್ಣು, ನಾಲಿಗೆಯ ತುದಿಯಲ್ಲಿ ಇರುವೆ ಹರಿದ ಹಾಗೆ ಒಂದು ಚುರುಕು. ಮರದಿಂದ ಇಳಿದ ಅಪ್ಪ ಮಡಕೆಯಿಂದ ಮೊದಲ ಲೋಟ ಬಗ್ಗಿಸಿ ಕೊಡುತ್ತಿದ್ದ ಬೆಳಗುಗಳೆಲ್ಲ ಒಟ್ಟಿಗೆ ಬಾಯಿಗೆ ಬಂದವು. ಇಷ್ಟು ಒಳ್ಳೆಯದನ್ನು ಮೂರು ಸಲ ಹೊತ್ತುಕೊಂಡು ಓಡಿದೆನಲ್ಲ ಎಂದು ಅವನಿಗೆ ನಗು ಬಂತು. ಧನಿಗಳೂ ನಕ್ಕರು.

ಆ ಹೊತ್ತಿಗೆ ಕಲೀನಾದಿಂದ ಚರ್ಚ್ ಮುಗಿಸಿಕೊಂಡು ಎಂಟು ಜನರ ಒಂದು ಕುಟುಂಬ ಬಂದು ಆರನೇ ಟೇಬಲ್ಲಿನಲ್ಲಿ ಕೂತಿತು. ಮನೆಯ ಹಿರಿಯರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, ಹತ್ತಿರದಲ್ಲಿ ನಿಂತಿದ್ದ ಕೊರಗನನ್ನು ಇವತ್ತು ಏನು ಚೆನ್ನಾಗಿದೆ ಎಂದು ಹಿಂದಿಯಲ್ಲಿ ಕೇಳಿದರು. ಕೋಟು ತೋಳಿನ ಮೇಲಿದೆ, ತಾನು ಸ್ಟೋರಿಗೆ ಹೊರಟವನು ಎಂಬುದೆಲ್ಲ ಕೊರಗನಿಗೆ ಮರೆತುಹೋಯಿತು. ಅವನ ಎರಡು ಬೆರಳು ತಾವಾಗಿಯೇ ಟೇಬಲ್ಲಿನ ಮೂಲೆಗೆ ಹೋದವು.

ಬರೋಲೊ ದೊಡ್ಡ ದರ್ಜೆಯದು, ಆದರೆ ಇನ್ನೂ ಎಳೆಯದು, ಒಗರು. ಇವತ್ತಿನ ಖಾರದ ಟೊಮೆಟೊ ಪಾಸ್ತಾದ ಜೊತೆ ಜಗಳವಾಡುತ್ತದೆ ಎಂದ. ಬಾರ್ಬೆರಾದ ಮೂರು ಬಾಟಲಿ ಈಗಾಗಲೇ ಬಿರಡೆ ತೆಗೆದಿವೆ, ತೆಗೆದವನು ನಾನೇ. ನೊರೆ ನೋಡಿ ಕೆಟ್ಟಿದೆಯೆಂದು ನನ್ನ ಧನಿಗಳ ಬಾಯಿಂದಲೇ ಮೂರು ಸಲ ಕಿತ್ತುಕೊಂಡು ಹೋದೆ, ಆಮೇಲೆ ನೋಡಿದರೆ ಕೆಟ್ಟದ್ದು ನನ್ನ ತಲೆ, ವೈನ್ ಚೆನ್ನಾಗಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಇಡೀ ಟೇಬಲ್ಲು ಬಿದ್ದು ಬಿದ್ದು ನಕ್ಕಿತು. ಮೊದಲು ಒಂದು ಬಾಟಲಿ ಕೇಳಿದರು. ಅದು ಖಾಲಿಯಾಗುವ ಮುಂಚೆ ಇನ್ನೊಂದು. ಮೂರನೆಯದರಲ್ಲೂ ಎರಡು ಬೆರಳು ಕಮ್ಮಿ ಉಂಟು, ಅದನ್ನು ಕುಡಿದವನೂ ನಾನೇ ಎಂದು ಹೇಳಿಯೇ ತಂದಿಟ್ಟ.

ಖಾಲಿ ಬಾಟಲಿಗಳನ್ನು ಕೌಂಟರಿಗೆ ತಂದಾಗ ಯಕ್ಷಿತಾ ಅಲ್ಲೇ ನಿಂತಿದ್ದಳು. ಕೊರಗನಿಗೆ ಆಗ ತನ್ನ ಸ್ಥಿತಿ ನೆನಪಾಗಿ ಮೆಲ್ಲಗೆ ಕೈ ಚಾಚಿದ. ಅವಳು ಚಾವಿಯ ಗೊಂಚಲನ್ನು ತನ್ನ ಜೀನ್ಸಿನ ಜೇಬಿಗೆ ಹಾಕಿಕೊಂಡಳು.

“ಎಕ್ಸಾಮಲ್ಲಿ ನೀವು ಫೇಲ್, ಕೊರಗಣ್ಣ. ನೆಕ್ಸ್ಟ್ ಸಂಡೇ ಮತ್ತೆ ಕೊಡ್ಬೇಕು.”

“ಅಲ್ಲಿವರೆಗೆ?”

“ಅಲ್ಲಿವರೆಗೆ ಕೋಟ್ ಹಾಕ್ಕೊಳ್ಳಿ. ಎರಡನೇ ಟೇಬಲ್‌ನವರು ಆವಾಗ್ಲಿಂದ ನಿಮ್ಮನ್ನೇ ಕೇಳ್ತಾ ಇದ್ದಾರೆ.”