ಮೂರು ತಿಮಿಂಗಿಲ, ಒಂದು ಸಹಿ

ಮಸಗುಪ್ಪಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತವನಿಗೆ, ಒಳಗೆ ರೊಟ್ಟಿ ಬಡಿಯುತ್ತಿರುವವಳು ಅವ್ವನೋ ಹೆಂಡತಿಯೋ, ಬಡಿಯುವವಳ ಮನಸ್ಸು ಕಾದಿದೆಯೋ ತಣ್ಣಗಿದೆಯೋ ಎಂಬುದು ಆ ಸದ್ದಿನಿಂದಲೇ ತಿಳಿದುಬಿಡುತ್ತದೆ. ಗೆಳೆಯಾ, ಕಿವಿಯಿಂದ ಲೋಕ ಕಾಣುವುದು ನಮಗೆ ಅರೆಗಳಿಗೆಯ ಅಭ್ಯಾಸ. ಕತ್ತಲ ನೀರಿನಲ್ಲಿ ಬಾಳುವ ತಿಮಿಂಗಿಲಕ್ಕೆ ಅದೇ ಬದುಕು. ದಾರಿ, ಆಹಾರ, ತಾಯಿ, ಮರಿ, ಎಲ್ಲವೂ ಅದಕ್ಕೆ ಸದ್ದೇ. ದನದ ಡಾಕ್ಟರನಾದ ನಾನು ಇದನ್ನು ಕಲಿತದ್ದು ತಿಮಿಂಗಿಲಗಳ ಹೆಣಗಳ ಮುಂದೆ ನಿಂತು.

ಎರಡು ಸಾವಿರನೆಯ ಇಸವಿಯ ಆಸುಪಾಸಿನಲ್ಲಿ ನನ್ನನ್ನು ಘಟಪ್ರಭಾದಿಂದ ಕರಾವಳಿಯ ಒಂದು ಊರಿಗೆ ವರ್ಗ ಮಾಡಿದ್ದರು. ಅಲ್ಲಿ ನನಗೆ ಜತೆ ಹುಕ್ಕೇರಿಯ ಕಂಪೌಂಡರ್ ಮೌಲಾಸಾಬ. ಒಂದು ಮುಂಜಾನೆ ಮೀನುಗಾರರು ಬಂದು ಕರೆದರು. ಹೋಗಿ ನೋಡಿದರೆ ದಡದಲ್ಲಿ ಮೂರು ತಿಮಿಂಗಿಲ, ಒಂದಕ್ಕೊಂದು ಮೈಲಿ ದೂರದಲ್ಲಿ. ಮುದಿಯಾದ, ರೋಗ ಹಿಡಿದ ಪ್ರಾಣಿ ಹೆಚ್ಚಾಗಿ ಒಂಟಿಯಾಗಿ ದಡ ಸೇರುತ್ತದೆ. ಹೀಗೆ ಬೇರೆಬೇರೆ ಕಡೆ ಒಮ್ಮೆಗೇ ಬಂದು ಬಿದ್ದರೆ, ಯಾವುದಕ್ಕೋ ಹೆದರಿ ಚದುರಿ ಓಡಿಬಂದವೇ ಎಂದು ಕೇಳಲೇಬೇಕು. ಮೂರು ದಿನದಿಂದ ದೂರದಲ್ಲಿ ನೌಕಾಪಡೆಯ ಬೂದುಬಣ್ಣದ ಹಡಗುಗಳು ಸಮರಾಭ್ಯಾಸ ಮಾಡುತ್ತಿದ್ದವು ಎಂದು ಮೀನುಗಾರರು ಹೇಳಿದರು.

ಮೂರನೆಯದು ಮರಿ. ಹೊಟ್ಟೆ ಕೊಯ್ದರೆ ಒಳಗೆ ಹಾಲಿತ್ತು. ಕಿವಿಯ ಸುತ್ತ ರಕ್ತ ಹೆಪ್ಪುಗಟ್ಟಿತ್ತು. ಮೌಲಾಸಾಬ ಕೈ ತೊಳೆಯುವುದನ್ನೂ ಮರೆತು ಮರಳಿನ ಮೇಲೆ ಕುಳಿತ.

"ಸಾಹೇಬ್ರ, ಮೈಮ್ಯಾಲ ಒಂದೂ ಗಾಯಿಲ್ರಿ. ಹೆಂಗ ಸತ್ತಿತ್ರಿ ಇದು?"

ಹಡಗುಗಳ ಸದ್ದಿನಿಂದಲೇ ಸತ್ತಿತೆಂದು ಹೇಳಲು ನನಗೆ ಆಗ ಸಾಧ್ಯವಿರಲಿಲ್ಲ, ಈಗಲೂ ಇಲ್ಲ. ಹೇಳಬೇಕಾದರೆ ಕೊಳೆಯುವ ಮುನ್ನ ಕಿವಿಯನ್ನು ತೆಗೆದು ಪರೀಕ್ಷೆಗೆ ಕಳಿಸಬೇಕು. ಹಡಗುಗಳು ಎಲ್ಲಿದ್ದವು, ಜಲಾಂತರ್ಗಾಮಿ ಹುಡುಕಲು ಯಾವ ಹೊತ್ತಿಗೆ ನೀರಿನೊಳಗೆ ಸದ್ದು ಬಿಟ್ಟವು ಎಂದು ಕೇಳಿ ತಾಳೆ ನೋಡಬೇಕು. ನಾನು ಬೇಡಿದ್ದು ಆ ಅನುಮತಿಯನ್ನಷ್ಟೇ. ನಮ್ಮ ಕಡೆಯವರೇ ಆದ ಮೇಲಧಿಕಾರಿ ಫೋನಿನಲ್ಲಿ ಹೇಳಿದರು: "ನೀವು ದನದ ಡಾಕ್ಟರ್ ಅದೀರಿ. ಸಮುದ್ರದ ಉಸಾಬರಿ ನಿಮಗ್ಯಾಕ್ರಿ? ಮುಪ್ಪಿನಿಂದ ಸತ್ತಾವು ಅಂತ ಬರೀರಿ."

"ಒಂದು ಹಾಲು ಕುಡಿಯೋ ಮರಿ ಐತ್ರಿ ಸರ."

"ಬರೀರಿ ಅಂದ್ನೆಲ್ಲ."

ಸಂಜೆಯೊಳಗೆ ಜೆಸಿಬಿ ಬಂತು. ಮೂರನ್ನೂ ಕಿವಿ ಸಮೇತ ಹೂತರು. ಊರಿಗೆ ಮರಳಲು ನಾನು ಹಾಕಿದ್ದ ವರ್ಗಾವಣೆಯ ಅರ್ಜಿ ಆ ಮನುಷ್ಯನ ಮೇಜಿನ ಮೇಲಿತ್ತು. ನಾನು ಬರೆದೆ, ಸಹಿ ಹಾಕಿದೆ. ಎರಡು ತಿಂಗಳಲ್ಲಿ ಘಟಪ್ರಭಾಕ್ಕೆ ಮರಳಿದೆ.

ಕೆಲವು ವರ್ಷಗಳ ಮೇಲೆ ಹೆಂಡತಿಯ ಕಾಕಾ ಭರಮಪ್ಪನವರು ನೌಕಾಪಡೆಯಿಂದ ನಿವೃತ್ತರಾಗಿ ಮೂಡಲಗಿಗೆ ಬಂದರು. ನೀರಿನೊಳಗೆ ಸದ್ದು ಬಿಟ್ಟು, ಮರಳಿ ಬರುವ ದನಿಯಿಂದ ಜಲಾಂತರ್ಗಾಮಿಯನ್ನು ಪತ್ತೆಹಚ್ಚುವುದು ಅವರ ಕೆಲಸವಾಗಿತ್ತು. ಒಮ್ಮೆ ನಮ್ಮಲ್ಲಿಗೆ ಬಂದಾಗ ಅವರ ಮೇಲೆ ನನ್ನ ಹಳೆಯ ಸಿಟ್ಟನ್ನೆಲ್ಲ ಕಾರಿಕೊಂಡೆ: ನಿಮಗೆ ಒಬ್ಬರಿಗೂ ಆ ಪ್ರಾಣಿಗಳ ನೆನಪಾಗಲಿಲ್ಲವೇ ಎಂದು. ಅವರು ಚಹಾದ ಬಟ್ಟಲನ್ನು ಕೆಳಗಿಟ್ಟರು.

"ಕೇಳಿದ್ನಿ ಡಾಕ್ಟರ, ರಿಟೈರ್ ಆಗೋ ವರ್ಷ. ನಮ್ಮ ಸದ್ದಿನಿಂದ ತಿಮಿಂಗಿಲಕ್ಕ ಏನಾರ ಆಗತೈತೇನ್ರಿ ಅಂತ ನಮ್ಮ ಸಾಹೇಬ್ರನ್ನ ಕೇಳಿದ್ನಿ. ಛಲೋ ಮನಷ್ಯಾ. ನಮ್ಮ ಕರಾವಳಿ ದಂಡಿಗೆ ಬಿದ್ದ ತಿಮಿಂಗಿಲದ ರಿಪೋರ್ಟ್ ಎಲ್ಲಾ ತರಿಸಿ ನೋಡಿದ್ರು. ಒಂದರಾಗೂ ಸದ್ದಿನ ಮಾತಿಲ್ಲ. ಎಲ್ಲಾ ಮುಪ್ಪು ಅಂತ ಬರದಿತ್ತು."

ಅಷ್ಟು ವರ್ಷ ಹಡಗುಗಳ ಕಡೆ ತಿರುಗಿದ್ದ ನನ್ನ ಸಿಟ್ಟು ಆ ಗಳಿಗೆಯಲ್ಲಿ ನನ್ನ ಪಡಸಾಲೆಯಲ್ಲೇ ಬಂದು ಕುಳಿತಿತು. ಸತ್ತ ತಿಮಿಂಗಿಲಗಳಲ್ಲಿ ಬಹುಪಾಲು ಮುಳುಗಿಹೋಗುತ್ತವೆ. ಸಮುದ್ರ ಸಾಕ್ಷಿಗೆಂದು ದಡಕ್ಕೆ ತಂದು ಹಾಕುವುದು ಎಲ್ಲೋ ಒಂದೆರಡನ್ನು. ಆ ಸಾಕ್ಷಿಯನ್ನು ನಾವೇ ಹೂತು, ನಾವೇ ಸುಳ್ಳು ಬರೆದು, ಆಮೇಲೆ ಆ ಸುಳ್ಳನ್ನೇ ಓದಿ ಹಾನಿಗೆ ಪುರಾವೆಯಿಲ್ಲ ಎಂದು ನೆಮ್ಮದಿಯಾಗಿರುತ್ತೇವೆ. ಕೇಳುವ ಮನಸ್ಸಿದ್ದ ಒಬ್ಬ ಮನುಷ್ಯ ಕೇಳಿದ್ದ. ಅವನಿಗೆ ನಾನು ಕೊಟ್ಟ ಉತ್ತರ ಮುಪ್ಪು. ನನ್ನ ಅಧಿಕಾರಿಯನ್ನು ನಾನು ಕ್ಷಮಿಸಿಲ್ಲ. ಹೆದರಿ ಬರೆದ ಕೈಯನ್ನು ಹೇಗೆ ಕ್ಷಮಿಸಲಿ?

ಅಂದೇ ಮಧ್ಯಾಹ್ನ ಇಲಾಖೆಗೆ ಪತ್ರ ಬರೆದೆ: ಕಂಡದ್ದೇನು, ಪರೀಕ್ಷಿಸದೆ ಬಿಟ್ಟದ್ದೇನು, ಯಾರು ಏನು ಬರೆಯಿಸಿದರು ಎಂದು. ಕಾಕಾ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಪೆನ್ನಿಗೆ ಕೈ ಚಾಚಿದರು.

"ನಂದೂ ಸಹಿ ಇರ್ಲಿ. ಸದ್ದು ಬಿಟ್ಟಾವ್ರ ಪೈಕಿ ನಾನೂ ಒಬ್ಬಾಂವ."

ತಿಂಗಳ ಮೇಲೆ ಉತ್ತರ ಬಂತು: ಮುಗಿದ ಕಡತದಲ್ಲಿ ತಿದ್ದುಪಡಿಗೆ ಅವಕಾಶವಿಲ್ಲ. ಮತ್ತೆ ಬರೆದೆ, ಮತ್ತೆ ಅದೇ ಸಾಲು. ಅವರ ಕಡತದಲ್ಲಿ ಜಾಗವಿಲ್ಲದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ, ನೀನಾದರೂ ಓದಿಟ್ಟುಕೊ: ಆ ಮರಿ ಮುಪ್ಪಿನಿಂದ ಸಾಯಲಿಲ್ಲ. ಯಾತರಿಂದ ಸತ್ತಿತೆಂದು ನೋಡಲು ನನ್ನನ್ನು ಬಿಡಲಿಲ್ಲ, ನಾನೂ ಹಟ ಹಿಡಿಯಲಿಲ್ಲ.